ಏನಂದನ ಅಂವ?

ಬೆಟಗೇರಿಯ ನಮ್ಮ ಓಣಿಗೆ ಮೊದಲ ಟಿವಿ ಬಂದದ್ದು ನೇಕಾರರ ಮನೆಯೊಂದಕ್ಕೆ. ಪಡಸಾಲೆಯ ಒಂದು ಬದಿಗೆ ಮಗ್ಗ, ಇನ್ನೊಂದು ಬದಿಗೆ ಕಪ್ಪು-ಬಿಳುಪಿನ ಪೆಟ್ಟಿಗೆ. ಗಾಳಿ ಬೀಸಿದರೆ ಪರದೆ ತುಂಬ ಚುಕ್ಕಿ. ಒಬ್ಬ ಹುಡುಗ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತ 'ಬಂತೇನ್ರೋ?' ಎಂದು ಕೂಗಬೇಕು, ಕೆಳಗಿನವರು 'ಬಂತು, ಬಂತು... ಏ, ಹೋತು!' ಅನ್ನಬೇಕು. 1980ರ ದಶಕದ ಕೊನೆಯ ಮಾತು. 'ಮಾಲ್ಗುಡಿ ಡೇಸ್' ಶುರುವಾದರೆ ಲಾಳಿ ನಿಲ್ಲುತ್ತಿತ್ತು. ಶಂಕರ್ ನಾಗ್ ಅದನ್ನು ಚಿತ್ರಿಸಿದ್ದು ನಮ್ಮದೇ ಆಗುಂಬೆಯಲ್ಲಿ, ಆದರೆ ನಮ್ಮ ಟಿವಿಯಲ್ಲಿ ಅದರ ಹುಡುಗ ಸ್ವಾಮಿ ಮಾತಾಡುತ್ತಿದ್ದದ್ದು ಹಿಂದಿ. ಅದು ಅಷ್ಟಿಷ್ಟು ತಿಳಿಯುತ್ತಿದ್ದದ್ದು ಹೈಸ್ಕೂಲಿನ ಒಬ್ಬ ಅಕ್ಕನಿಗೆ ಮಾತ್ರ.

ಐದು ನಿಮಿಷಕ್ಕೊಮ್ಮೆ ಆ ಮನೆಯ ಆಯಿ ಕೇಳುತ್ತಿದ್ದಳು: 'ಏನಂದನ ತಂಗೀ ಅಂವ?'

'ಅಪ್ಪನ ಹೆದರಿಕಿಗೆ ಸುಮ್ಮ ನಿಂತಾನ, ಆಯಿ.'

'ಪಾಪ, ಕೂಸು. ಒಂದ್ ತುತ್ತು ಉಣ್ಣಾಕರೆ ಕೊಟ್ಟಾರೋ ಇಲ್ಲೋ.'

ಈಗಲೂ ಗದಗ–ಹುಬ್ಬಳ್ಳಿ ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ಆ ಧಾರಾವಾಹಿಗೆ ಎಲ್. ವೈದ್ಯನಾಥನ್ ಕೊಟ್ಟ 'ತಾನನಾ' ರಾಗ ಕೇಳಿಬಂದರೆ ಬಿಗಿದ ಹೆಗಲು ತಾನೇ ಸಡಿಲಾಗುತ್ತದೆ. ಎಳವೆಯಲ್ಲಿ ನೋಡಿದ ಮೆತ್ತನೆಯ ಕಾರ್ಯಕ್ರಮವೊಂದು ನಲವತ್ತು ದಾಟಿದ ಮೇಲೂ ಹೀಗೆ ಹಿಡಿದುಕೊಂಡಿರುವುದು ಹೇಗೆ?

ಇದನ್ನು ಅಳೆಯಲು ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರಿಗೆ ನೆರವಾದದ್ದು ನಮ್ಮ ಮಾಳಿಗೆಯ ಮೇಲಿನ ತಾಪತ್ರಯವೇ. ಪುಟ್ಟ ಮಕ್ಕಳಿಗೆ ಅಕ್ಷರ-ಅಂಕಿ ಕಲಿಸುವ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್' 1969ರಲ್ಲಿ ಆರಂಭವಾದಾಗ ಅಲ್ಲಿನ ಸುಮಾರು ಮೂರನೇ ಒಂದು ಪಾಲು ಮನೆಗಳಿಗೆ ಅದರ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಅನೇಕ ಊರುಗಳಲ್ಲಿ ಅದು ಯುಎಚ್‌ಎಫ್ ತರಂಗದಲ್ಲಿ ಬರುತ್ತಿತ್ತು, ಹಳೆಯ ಪೆಟ್ಟಿಗೆಗಳು ಅದನ್ನು ಹಿಡಿಯುತ್ತಿರಲಿಲ್ಲ. ಮಕ್ಕಳನ್ನು ಯಾರೂ ಆರಿಸಿ ಗುಂಪು ಮಾಡಿರಲಿಲ್ಲ, ಆಂಟೆನಾ ಮಾಡಿತ್ತು. ಮೆಲಿಸ್ಸಾ ಕಿಯರ್ನಿ ಮತ್ತು ಫಿಲಿಪ್ ಲೆವೈನ್ ಈ ಎರಡು ಬಗೆಯ ಊರುಗಳನ್ನು ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಿಗ್ನಲ್ ಚೆನ್ನಾಗಿದ್ದ ಕಡೆಯ ಮಕ್ಕಳು ಶಾಲೆಯಲ್ಲಿ ವಯಸ್ಸಿಗೆ ತಕ್ಕ ತರಗತಿಯಲ್ಲೇ ಇರುವುದು ಹೆಚ್ಚು. ಆದರೆ ದೊಡ್ಡವರಾದ ಮೇಲಿನ ಓದು, ಸಂಬಳಗಳಲ್ಲಿ ಅಂಥ ಸ್ಪಷ್ಟ ಗುರುತು ಸಿಗಲಿಲ್ಲ.

ಉಳಿಯುವುದು ಅಕ್ಷರ-ಅಂಕಿ ಅಲ್ಲ, ಬೇರೆ ಏನೋ ಅಂತ ನನ್ನ ಗುಮಾನಿ.

ಫ್ರೆಡ್ ರೋಜರ್ಸ್ ಎಂಬಾತನನ್ನು ನೋಡಿ. 1968ರಿಂದ 2001ರವರೆಗೆ ಟಿವಿಯಲ್ಲಿ ಅಮೆರಿಕದ ಮಕ್ಕಳ ಮುಂದೆ ಬರುತ್ತಿದ್ದ. ಬಾಗಿಲು ತೆರೆದು ಒಳಬರುವುದು, ಕೋಟು ಕಳಚಿ ಸ್ವೆಟರ್ ತೊಡುವುದು, ಬೂಟು ಬಿಚ್ಚಿ ಬೇರೆ ಬೂಟು ಹಾಕಿಕೊಳ್ಳುವುದು, ಎಲ್ಲ ನಿಧಾನ, ಎಲ್ಲ ದಿನವೂ ಅದೇ. ಮೀನಿಗೆ ಕಾಳು ಹಾಕುವಾಗ 'ಈಗ ಮೀನಿಗೆ ಹಾಕುತ್ತಿದ್ದೇನೆ' ಎಂದು ಬಾಯಿಬಿಟ್ಟು ಹೇಳುತ್ತಿದ್ದ. ಮೀನು ಹಸಿದಿರಬಹುದೆಂದು ಕಣ್ಣು ಕಾಣದ ಹುಡುಗಿಯೊಬ್ಬಳು ಆತಂಕಪಡುತ್ತಾಳೆ ಎಂದು ಆ ಮನೆಯವರು ಬರೆದಿದ್ದರಂತೆ. 1970ರ ಒಂದು ಸಂಚಿಕೆಯಲ್ಲಿ ಆ ತೊಟ್ಟಿಯಲ್ಲೊಂದು ಮೀನು ಸತ್ತಿರುತ್ತದೆ. ಆತ ಅದನ್ನು ಮುಚ್ಚಿಡದೆ ಎತ್ತಿ, ಅಂಗಳದಲ್ಲಿ ಹೂಳಿ, ಚಿಕ್ಕವನಿದ್ದಾಗ ತನ್ನ ನಾಯಿ ಸತ್ತು ಅತ್ತದ್ದನ್ನು ಹೇಳುತ್ತಾನೆ. ಪರದೆಯ ಮೇಲಿನವರನ್ನು ನಮ್ಮವರೆಂದೇ ತಿಳಿಯುವ ಈ ಏಕಮುಖ ನಂಟಿಗೆ 1956ರಲ್ಲೇ ಸಮಾಜವಿಜ್ಞಾನಿಗಳು 'ಪ್ಯಾರಾಸೋಶಿಯಲ್' ಎಂದು ಹೆಸರಿಟ್ಟಿದ್ದರು. ಸಂಬಂಧದಂಥದ್ದು, ಆದರೆ ಸಂಬಂಧವಲ್ಲ. ಮಗುವಿಗೆ ಆ ವ್ಯತ್ಯಾಸ ಯಾಕೆ ಬೇಕು?

ನಿಧಾನಕ್ಕೂ ಒಂದು ಪರೀಕ್ಷೆ ಇದೆ. 2011ರಲ್ಲಿ ಏಂಜಲೀನ್ ಲಿಲ್ಲಾರ್ಡ್ ಮತ್ತು ಜೆನಿಫರ್ ಪೀಟರ್ಸನ್ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಸುಮಾರು 11 ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುವ ಕಾರ್ಟೂನ್, ಇನ್ನೊಂದಕ್ಕೆ 34 ಸೆಕೆಂಡಿಗೊಮ್ಮೆ ಬದಲಾಗುವ ಸಾವಕಾಶದ ಕಾರ್ಯಕ್ರಮ, ಮೂರನೆಯದಕ್ಕೆ ಬರೀ ಬಣ್ಣದ ಕಡ್ಡಿ, ಹಾಳೆ. ಒಂಬತ್ತೇ ನಿಮಿಷ. ಆಮೇಲೆ 'ತಲೆ ಮುಟ್ಟು ಅಂದರೆ ಕಾಲ್ಬೆರಳು ಮುಟ್ಟಬೇಕು' ಎಂಬಂಥ, ಮನಸ್ಸಿಗೆ ಲಗಾಮು ಬೇಡುವ ಆಟಗಳು. ಓಟದ ಕಾರ್ಟೂನ್ ನೋಡಿದವರು ಹಿಂದೆಬಿದ್ದರು. ಇದು ನೋಡಿದ ಕೂಡಲೇ ಆದ ಪರಿಣಾಮ, ಜೀವಮಾನದ್ದಲ್ಲ. ಇದನ್ನೇ ಹಿಡಿದು ಇಂದಿನ ಮಕ್ಕಳೆಲ್ಲ ಕೆಟ್ಟರು ಅನ್ನುವವರ ಮಾತಿಗೆ ನಾನಂತೂ ಹೂಂಗುಟ್ಟಲಾರೆ.

ನನಗೆ ಹೆಚ್ಚು ಹಿಡಿಸಿದ್ದು 2016ರ ಒಂದು ಪ್ರಯೋಗ. ರೋಜರ್ಸ್‌ನ ಕಾರ್ಯಕ್ರಮದ ಗೊಂಬೆಹುಲಿಯಿಂದಲೇ ಹುಟ್ಟಿದ 'ಡೇನಿಯಲ್ ಟೈಗರ್' ಎಂಬ ಕಾರ್ಟೂನನ್ನು ಎರಡು ವಾರ ನೋಡಿದ ಮಕ್ಕಳಲ್ಲಿ ಪರರ ನೋವು ಅರಿಯುವ ಗುಣ ಹೆಚ್ಚಿತೇ ಎಂದು ಎರಿಕ್ ರಾಸ್ಮುಸ್ಸೆನ್ ತಂಡ ಹುಡುಕಿತು. ಹೆಚ್ಚಿತು, ಆದರೆ ಟಿವಿಯಲ್ಲಿ ನೋಡಿದ್ದರ ಬಗ್ಗೆ ಮನೆಯವರು ಮಾತಾಡುವ ರೂಢಿ ಇದ್ದಲ್ಲಿ ಮಾತ್ರ.

ಓದುತ್ತಲೇ ಆಯಿ ನೆನಪಾದಳು. ನಮಗೆ ಹಿಂದಿ ಬಾರದ್ದೇ ಒಳ್ಳೆಯದಾಗಿತ್ತು. ತಿಳಿಯುತ್ತಿದ್ದರೆ ಎಲ್ಲರೂ ಬಾಯಿ ಮುಚ್ಚಿ ನೋಡುತ್ತಿದ್ದೆವು. ತಿಳಿಯದ್ದರಿಂದ ಪ್ರತಿ ದೃಶ್ಯಕ್ಕೂ ಹುಡುಗ ಯಾಕೆ ಸಪ್ಪಗಾದ, ಅಪ್ಪನಿಗೆ ಯಾಕೆ ಸಿಟ್ಟು ಬಂತು ಎಂದು ಪಡಸಾಲೆಯಲ್ಲಿ ಚರ್ಚೆ. ಕಳೆದ ವರ್ಷ ಮೊಬೈಲಿನಲ್ಲಿ ಅವೇ ಸಂಚಿಕೆಗಳನ್ನು ಮತ್ತೆ ನೋಡಿದೆ. ನನಗೆ ಬಾಯಿಪಾಠವಾಗಿದ್ದ ಎಷ್ಟೋ ಮಾತುಗಳು ಅಲ್ಲಿರಲೇ ಇಲ್ಲ. ಅಕ್ಕನಿಗೆ ತಿಳಿಯದಲ್ಲಿ ಅವಳೇ ಕಟ್ಟಿ ಹೇಳಿದ್ದಳು! ನೆನಪು ಟೇಪಲ್ಲ, ಪ್ರತಿ ಸಲ ಹೊಸದಾಗಿ ನೇಯುವಂಥದ್ದು ಎಂದು ಮನೋವಿಜ್ಞಾನಿಗಳು ಹೇಳುತ್ತಾರೆ. ಈ ನೇಯ್ಗೆಯಲ್ಲಿ ಹಾಸು ಮಾತ್ರ ದೂರದರ್ಶನದ್ದು, ಹೊಕ್ಕು ಅಕ್ಕನದು.

ಹುಬ್ಬಳ್ಳಿಯ ಮನೆಯಲ್ಲಿ ಈಗ ಮಗಳು ಮೊಬೈಲು ಹಿಡಿದು ಕೂತಾಗ ಪಕ್ಕ ಕೂತು, ಎಲ್ಲ ತಿಳಿದರೂ, 'ಏನಂದನ ಅಂವ?' ಎನ್ನುತ್ತೇನೆ. 'ಅಪ್ಪಾ, ಸುಮ್ನ ಕೂಡ್ರೋ' ಎಂದು ಗೊಣಗುತ್ತಾಳೆ. ಆದರೂ ಚಿತ್ರ ನಿಲ್ಲಿಸಿ ಹೇಳುತ್ತಾಳೆ. ಕಾರ್ಟೂನಿನ ಆನೆ ಆಡದ ಎರಡು ಮಾತನ್ನೂ ಸೇರಿಸಿ.