ಚೈನು, ಉಪ್ಪು, ಬೋರ್‌ ನೀರು: ಹಿಮದ ರೋಡಲ್ಲಿ ಗಾಡಿ ಓಡಿಸೋರ ಕಥೆ

ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟಗಳ ಕಡೆ ಹೋದ್ರೆ ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿರೋ ಜೀಪು ಎಲ್ಲಾದ್ರೂ ಒಂದು ಸಿಕ್ಕೇ ಸಿಗುತ್ತೆ. ಕೆಸರಲ್ಲಿ ಟೈರು ಇದ್ದಲ್ಲೇ ಗರಗರ ತಿರುಗುತ್ತಲ್ಲ, ಆವಾಗ ಈ ಕೊಂಡಿಗಳು ನೆಲ ಕಚ್ಚಿ ಗಾಡೀನ ಮೇಲಕ್ಕೆ ಹತ್ತಿಸುತ್ತೆ, ಟಾರ್ ರೋಡ್ ಸಿಕ್ಕಿದ ತಕ್ಷಣ ಬಿಚ್ಚಿ ಹಿಂದೆ ಹಾಕ್ಬೇಕು, ಇಲ್ಲಾಂದ್ರೆ ಟೈರೂ ಹಾಳು ರೋಡೂ ಹಾಳು. ಹಿಮ ಬೀಳೋ ದೇಶಗಳ ಕಥೆ ಶುರುವಾಗೋದೂ ಇದೇ ಚೈನಿಂದ. 1904ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಅನ್ನೋರು ಇದಕ್ಕೆ ಪೇಟೆಂಟ್ ತಗೊಂಡ್ರು, ಅದಕ್ಕೂ ಮುಂಚೆ ಡ್ರೈವರುಗಳು ಟೈರಿಗೆ ಹಗ್ಗ, ಬಳ್ಳಿ ಸುತ್ಕೊಂಡು ಹೋಗ್ತಿದ್ರಂತೆ.

ಕೊಡಗಲ್ಲಿ ಹಿಮ ಬೀಳಲ್ಲ, ಇಲ್ಲಿಯವರಿಗೆ ಇದ್ಯಾಕೆ ಅನ್ಬೇಡಿ. ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ಕ್ಕೆ, ಕಾಶ್ಮೀರದಿಂದ ಲಡಾಖಿಗೆ ಹೋಗೋ ಜೋಜಿ ಲಾ ಪಾಸಿಗೆ ಟ್ಯಾಂಕ್ ಹತ್ತಿಸಿದ್ದು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ, ಆಗ ಮೇಜರ್ ಜನರಲ್. ಸುಮಾರು 11,500 ಅಡಿ ಎತ್ತರ, ಅಷ್ಟು ಮೇಲೆ ಟ್ಯಾಂಕ್ ಬರುತ್ತೆ ಅಂತ ಎದುರಾಳಿಗಳು ಕನಸಲ್ಲೂ ಅಂದ್ಕೊಂಡಿರಲಿಲ್ಲ. ಸ್ಟುವರ್ಟ್ ಟ್ಯಾಂಕುಗಳ ಟರೆಟ್ (ಮೇಲಿನ ತಿರುಗೋ ಗನ್ ಗೂಡು) ಬಿಚ್ಚಿ, ಗುರುತು ಸಿಗದ ಹಾಗೆ ಶ್ರೀನಗರಕ್ಕೆ ತಂದು, ಪಾಸಿನ ಬುಡದ ಬಾಲ್ತಾಲ್‌ನಿಂದ ಮೇಲೆ ಹೇಸರಗತ್ತೆ ಓಡಾಡೋ ದಾರೀನ ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್ ಅಗಲ ಮಾಡಿ, ಹಿಮ ಬಿದ್ದು ದಾಳಿಯ ದಿನ ಮುಂದಕ್ಕೆ ಹೋಗಿ, ಆಮೇಲೆ ಹತ್ತಿಸಿದ್ದು. ಎಲ್ಲರೂ ಇದನ್ನ ಯುದ್ಧದ ಕಥೆ ಅಂತ ಹೇಳ್ತಾರೆ, ನಂಗೇನೋ ಇದು ಮೊದಲು ರೋಡಿನ ಕಥೆ ಅನ್ಸುತ್ತೆ.

1960ರಲ್ಲಿ ಗಡಿ ಕಡೆ ರೋಡ್ ಮಾಡೋ ಬಾರ್ಡರ್ ರೋಡ್ಸ್ ಆರ್ಗನೈಸೇಷನ್ ಬಂತು. ಜೋಜಿ ಲಾ ಆಮೇಲೂ ಎಷ್ಟೋ ವರ್ಷ ಚಳಿಗಾಲ ಪೂರ್ತಿ ಬಂದ್ ಆಗ್ತಿತ್ತು, ಲಡಾಖ್ ಕಡೆಗೆ ಆ ದಾರಿ ತಿಂಗಳುಗಟ್ಟಲೆ ಇಲ್ಲ. ಈಗ ಸೋನಾಮಾರ್ಗ್ ಕಡೆಯಿಂದ ಒಂದು ತಂಡ, ದ್ರಾಸ್ ಕಡೆಯಿಂದ ಇನ್ನೊಂದು ತಂಡ ಸ್ನೋ ಕಟರ್ ಮಷಿನ್ ಇಟ್ಕೊಂಡು ಹಿಮ ಕಡೀತಾ ಬಂದು ಮಧ್ಯದಲ್ಲಿ ಸೇರ್ಕೊಳ್ತಾರೆ, 2025ರಲ್ಲಿ ಬರೀ 32 ದಿನ ಮುಚ್ಚಿದ್ದು.

ಅಮೆರಿಕದವರು ಹಿಡಿದ ದಾರಿ ಬೇರೆ, ಉಪ್ಪು. 1938ರ ಹೊತ್ತಿಗೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಟ್ರಯಲ್ ಶುರುವಾಯ್ತು. ಉಪ್ಪು ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲ್ಲ, ಹಾಗಾಗಿ ಐಸು ರೋಡಿಗೆ ಅಂಟ್ಕೊಂಡು ಕೂರಲ್ಲ, ಕೆರೆದು ತೆಗೆಯೋದು ಸಲೀಸು. ಆದ್ರೆ ಮೈನಸ್ 9 ಡಿಗ್ರಿಗಿಂತ ಕೆಳಗೆ ಮಾಮೂಲಿ ಉಪ್ಪಿನ ಆಟ ಅಷ್ಟೇನೂ ನಡೆಯಲ್ಲ, ಅಲ್ಲಿ ಮರಳು, ಜಲ್ಲಿಪುಡಿ ಹಾಕಿ ಹಿಡಿತ ತಗೊಳ್ತಾರೆ. ಮಂಗಳೂರು ಕಡೆ ಕಡಲ ಗಾಳಿಗೆ ಗಾಡಿ ತುಕ್ಕು ಹಿಡಿಯುತ್ತಲ್ಲ ಹಾಗೇ ಅಲ್ಲಿಯ ಕಾರುಗಳು ಅಡಿಯಿಂದ ತಿಂದು ಹೋಗ್ತವೆ, ಸೇತುವೆ ಕಬ್ಬಿಣಾನೂ ಬಿಡಲ್ಲ, ಕೆರೆ ಬಾವಿಗೂ ಉಪ್ಪು ಇಳಿಯುತ್ತೆ.

ಜಪಾನಿನದು ಇನ್ನೂ ಮಜಾ. ನಾಗಾವೊಕಾ ಊರಲ್ಲಿ 1960ರ ದಶಕದ ಶುರುವಲ್ಲೇ ರೋಡಿನ ನಡುವೆ ಪೈಪ್ ಹುಗಿದು, ನೆಲದಡಿ ನೀರನ್ನ ಪಂಪ್ ಮಾಡಿ ಸಣ್ಣ ಸಣ್ಣ ತೂತಿಂದ ಚಿಮ್ಮಿಸೋಕೆ ಶುರು ಮಾಡಿದ್ರು. ಬೋರ್‌ ನೀರು ಚಳಿಗಾಲದಲ್ಲಿ ಬೆಚ್ಚಗಿರುತ್ತೆ ಅಲ್ವಾ, ಅಷ್ಟರಲ್ಲೇ ಹಿಮ ಕರಗುತ್ತೆ. ನೀರಲ್ಲಿ ಕಬ್ಬಿಣದ ಅಂಶ ಇರೋದಕ್ಕೆ ಅಲ್ಲಿಯ ರೋಡುಗಳೆಲ್ಲ ಕೆಂಪಗೆ ಬಣ್ಣ ತಿರುಗಿವೆ. ಆದ್ರೆ ನೀಗಾಟಾ ಪ್ರಾಂತ್ಯದ ಕೆಲವು ಕಡೆ ನೀರು ಎಳೆದೂ ಎಳೆದೂ ನೆಲಾನೇ ಕುಸಿಯೋಕೆ ಹತ್ತಿತು. ಇನ್ನೂ ಉತ್ತರಕ್ಕೆ, ಹೊಕ್ಕೈಡೋದಂಥ ಕಡು ಚಳಿಯಲ್ಲಿ ಈ ನೀರೇ ಹೆಪ್ಪುಗಟ್ಟಿಬಿಡುತ್ತೆ, ಅಲ್ಲಿ ಮೊಳೆ ಹೊಡೆದ ಟೈರ್ ಬಂತು. ಆ ಮೊಳೆ ಹಿಮ ಇಲ್ಲದ ಜಾಗದಲ್ಲಿ ಟಾರನ್ನೇ ಕೆರೆದು ಕೆರೆದು ಊರಿಗೆಲ್ಲ ಧೂಳು ಎಬ್ಬಿಸಿ, ಜನ ಕೆಮ್ಮಿ ಕೆಮ್ಮಿ ಗಲಾಟೆ ಮಾಡಿ, ಕೊನೆಗೆ 1990ರಲ್ಲಿ ಅದಕ್ಕೆ ಕಡಿವಾಣ ಹಾಕೋ ಕಾನೂನೇ ಬಂತು. ಒಂದು ತೊಂದರೆ ಕಳೆಯೋಕೆ ತಂದಿದ್ದೇ ಇನ್ನೊಂದು ತೊಂದರೆ.

ಹಂಗಂತ ಇಷ್ಟೆಲ್ಲ ಖರ್ಚು ಎಲ್ಲರೂ ಮಾಡಲ್ಲ, ಅದಕ್ಕೆ ಕಾರಣಾನೂ ಇದೆ. ವರ್ಷಕ್ಕೆ ನಾಲ್ಕು ತಿಂಗಳು ಹಿಮ ಬೀಳೋ ಸ್ವೀಡನ್ನಲ್ಲಿ ಚಳಿಗಾಲದ ಟೈರ್ ಕಡ್ಡಾಯ ಅಂದ್ರೆ ಯಾರೂ ಗೊಣಗಲ್ಲ, ಎಲ್ಲೋ ಅಪರೂಪಕ್ಕೆ ಒಮ್ಮೆ ಬೀಳೋ ಅಮೆರಿಕದ ಅಟ್ಲಾಂಟಾದಲ್ಲಿ ಹಿಮ ತಳ್ಳೋ ಟ್ರಕ್ ಕೊಂಡು ನಿಲ್ಲಿಸೋರು ಯಾರು? 2014ರ ಜನವರಿ 28ಕ್ಕೆ ಅಲ್ಲಿ ಬಿದ್ದಿದ್ದು ಎರಡು ಮೂರು ಇಂಚು ಅಷ್ಟೇ. ಸ್ಕೂಲು ಆಫೀಸು ಎಲ್ಲ ಒಂದೇ ಹೊತ್ತಿಗೆ ಬಿಟ್ರು, ಎಲ್ಲರೂ ಒಟ್ಟಿಗೆ ರೋಡಿಗಿಳಿದ್ರು, ಉಪ್ಪು ಹಾಕೋ ಗಾಡಿಗಳೂ ಅದೇ ಜಾಮಲ್ಲಿ ಸಿಕ್ಕಾಕ್ಕೊಂಡ್ವು, ಎಷ್ಟೋ ಮಕ್ಕಳು ರಾತ್ರಿ ಸ್ಕೂಲಲ್ಲೇ ಮಲಗಿದ್ವು.

ನಮ್ಮಲ್ಲಿ ಸೀನ್ ಬದಲಾಗಿದ್ದು 2020ರ ಅಕ್ಟೋಬರ್ 3ಕ್ಕೆ, ಹಿಮಾಚಲದ ಮನಾಲಿ ಹತ್ತಿರ, ರೋಹ್ತಾಂಗ್ ಪಾಸಿನ ಅಡಿ ಕೊರೆದ 9.02 ಕಿಲೋಮೀಟರಿನ ಅಟಲ್ ಸುರಂಗ ಓಪನ್ ಆದ್ಮೇಲೆ. ಮೊದಲು ಚಳಿಗಾಲದಲ್ಲಿ ರೋಹ್ತಾಂಗ್ ಮುಚ್ಚಿದ್ರೆ ಆಚೆ ಕಡೆ ಕಣಿವೆಯ ಲಾಹೌಲ್‌ನವರದ್ದು ಅವರಿಗೆ, ಟೂರಿಸ್ಟುಗಳು ಆ ಕಡೆ ತಲೆ ಹಾಕ್ತಿರಲಿಲ್ಲ. ಈಗ ಡಿಸೆಂಬರಲ್ಲೂ ಜನ ಹೋಗ್ತಾರೆ. ಸುರಂಗದ ಒಳಗೆ ಹಿಮ ಇಲ್ಲ ಸರಿ, ಅಲ್ಲಿಗೆ ಹೋಗೋ ರೋಡಲ್ಲಿ ಇದೆಯಲ್ಲ! 2024ರ ಡಿಸೆಂಬರ್ ಕೊನೆಯಲ್ಲಿ ಮನಾಲಿ ಕಡೆಯ ಸೋಲಂಗ್‌ನಿಂದ ಸುರಂಗದವರೆಗೆ ಸುಮಾರು ಸಾವಿರ ಗಾಡಿ ಹಿಮದಲ್ಲಿ ನಿಂತುಬಿಟ್ಟಿದ್ವು.

ಕೊಡಗಿಂದ ಕೆಎ-12 ಗಾಡಿ ತಗೊಂಡು ಅಲ್ಲಿವರೆಗೂ ಹೋಗೋ ಪ್ಲಾನ್ ಇರೋರಿಗೆ ಒಂದು ಮಾತು. ತೋಟದ ಚೈನ್ ಅಭ್ಯಾಸ ಇದೆ, ಸಂಪಾಜೆ ಘಾಟಿಯ ಮಂಜಲ್ಲಿ ಸೆಕೆಂಡ್ ಗೇರಲ್ಲಿ ಇಳಿಸಿದ ಅಭ್ಯಾಸಾನೂ ಇದೆ, ಬ್ರೇಕ್ ಕಮ್ಮಿ ಗೇರ್ ಜಾಸ್ತಿ ಅನ್ನೋದು ಐಸ್ ಮೇಲೂ ಉಪಯೋಗಕ್ಕೆ ಬರುತ್ತೆ. ಡೀಸೆಲ್ ವಿಷ್ಯ ಮಾತ್ರ ಇಲ್ಲಿಯವರ ತಲೆಗೆ ಹೊಳೆಯಲ್ಲ. ಮಾಮೂಲಿ ಡೀಸೆಲ್‌ನಲ್ಲಿರೋ ಮೇಣ ಕಡು ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಕೊಳ್ಳುತ್ತೆ, ಅದಕ್ಕೇ ಅಲ್ಲಿಯ ಲಾರಿಯವರು ಟ್ಯಾಂಕಿನ ಅಡಿ ಬೆಂಕಿ ಹಾಕಿ ಬಿಸಿ ಮಾಡ್ತಿದ್ದಿದ್ದು. 2019ರ ನವೆಂಬರಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆ ಅಂತ ಮೈನಸ್ 33 ಡಿಗ್ರಿವರೆಗೂ ಗಟ್ಟಿಯಾಗದ ಡೀಸೆಲ್ ಬಿಟ್ತು. ಕೆಳಗಿಂದ ಫುಲ್ ಟ್ಯಾಂಕ್ ಮಾಡ್ಕೊಂಡು ಹೋಗೋದಕ್ಕಿಂತ ಅರ್ಧ ಖಾಲಿ ಇಟ್ಕೊಂಡು, ಚಳಿಗಾಲದ ಡೀಸೆಲ್ ಸಿಗೋ ಬಂಕಲ್ಲಿ ತುಂಬಿಸೋದು ಒಳ್ಳೇದು.