ಮಕ್ಕಳೊಂದಿಗೆ ಅಲಾಸ್ಕಾ ಕಾಡಿಗೆ: ಕರಡಿಗಿಂತ ಮೊದಲು ಒದ್ದೆಗೆ ಹೆದರಿ

ಸಿಯಾಟಲ್, ಬೇ ಏರಿಯಾ ಕಡೆಯ ಕನ್ನಡ ಕುಟುಂಬಗಳು ಬೇಸಿಗೆ ರಜೆಯಲ್ಲಿ ಗೈಡ್ ಜೊತೆ ಅಲಾಸ್ಕಾದ ಡೆನಾಲಿ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಾಗ ಮೊದಲು ಕೇಳುವುದು ಕರಡಿಯ ವಿಚಾರ. ಕೇಳಬೇಕಾದದ್ದೇ. ಆದರೆ ಮಕ್ಕಳಿರುವ ತಂಡ ಅರ್ಧ ದಾರಿಯಲ್ಲಿ ವಾಪಸಾಗುವುದು ಹೆಚ್ಚಾಗಿ ಒದ್ದೆ ಬಟ್ಟೆಯಿಂದ. ಮಧ್ಯಾಹ್ನ 18 ಡಿಗ್ರಿ ಇದ್ದದ್ದು ಸಂಜೆ ಮಳೆಗಾಳಿ ಎದ್ದರೆ 6ಕ್ಕೆ ಇಳಿಯಬಹುದು. ಜುಲೈನಲ್ಲೂ ಹಿಮ ಬೀಳುವುದುಂಟು. ಮೈಯ ಶಾಖ ಕುಸಿಯಲು ಸೊನ್ನೆ ಡಿಗ್ರಿ ಬೇಕಿಲ್ಲ. 10 ಡಿಗ್ರಿ, ತೊಯ್ದ ಅಂಗಿ, ಒಂದಿಷ್ಟು ಗಾಳಿ ಸಾಕು. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ.

ಹತ್ತಿ ಅಂಗಿ, ಜೀನ್ಸ್ ಮನೆಯಲ್ಲೇ ಇರಲಿ. ಮೈಗೆ ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್, ಎಲ್ಲಕ್ಕಿಂತ ಹೊರಗೆ ಮಳೆ ಜಾಕೆಟ್ ಮತ್ತು ಮಳೆ ಪ್ಯಾಂಟ್. ಪ್ಯಾಂಟ್ ಬೇಡವೆಂದು ಬಿಟ್ಟು ಬರುವವರೇ ಜಾಸ್ತಿ. ಅಲ್ಲಿನ ಮೊಣಕಾಲೆತ್ತರದ ಪೊದೆಗಳಲ್ಲಿ ಮಳೆ ನಿಂತ ಮೇಲೂ ಕಾಲು ತೊಯ್ಯುತ್ತಲೇ ಇರುತ್ತದೆ. ಪ್ರತಿ ಮಗುವಿಗೂ ಒಂದು ಜೊತೆ ಬಟ್ಟೆ, ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಅದು ಮಲಗುವಾಗ ಮಾತ್ರ.

ಮಗು ಚಳಿ ಎಂದು ಹೇಳುವವರೆಗೆ ಕಾಯಬೇಡಿ. ಜಿಪ್ ಎಳೆಯಲು ಬೆರಳು ತಡವರಿಸುವುದು, ಸುಮ್ಮನೆ ಸಿಡುಕುವುದು, ಸಪಾಟು ನೆಲದಲ್ಲೂ ಎಡವುವುದು ಮೊದಲ ಲಕ್ಷಣಗಳು. ನಡುಗುತ್ತಿದ್ದ ಮಗು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಸ್ಥಿತಿ ಗಂಭೀರ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಕೆಳಗೆ ಮ್ಯಾಟ್ ಹಾಸಿ ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿ. ನುಂಗುವ ಎಚ್ಚರ ಇದ್ದರೆ ಮಾತ್ರ ಸಿಹಿಯಾದ ಬಿಸಿ ಪಾನೀಯ ಕೊಡಿ. ಕೈಕಾಲು ತಿಕ್ಕಬೇಡಿ.

ಡೆನಾಲಿ ಪಕ್ಕದ ನೆನಾನ ನದಿಯಲ್ಲಿ ರಾಫ್ಟಿಂಗ್ ಇದೆ. ಹಿಮನದಿ ಕರಗಿ ಬರುವ ನೀರು, ತಾಪಮಾನ ಎರಡು ಮೂರು ಡಿಗ್ರಿ ಅಷ್ಟೇ. ನೀರಿಗೆ ಬಿದ್ದವರಿಗೆ ಉಸಿರು ಹಿಡಿತಕ್ಕೆ ಬರಲು ಸುಮಾರು ಒಂದು ನಿಮಿಷ ಬೇಕು, ಕೈಕಾಲು ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಅದಕ್ಕೇ ಡ್ರೈಸೂಟ್ ಕೊಡುತ್ತಾರೆ. ಸೂಟ್ ನೀರು ತಡೆಯುತ್ತದೆ, ಬೆಚ್ಚಗಿಡುವುದಿಲ್ಲ. ಒಳಗೆ ಫ್ಲೀಸ್ ಇರಲೇಬೇಕು. ಕುತ್ತಿಗೆಯ ರಬ್ಬರ್ ಪಟ್ಟಿ ಚರ್ಮಕ್ಕೆ ನೇರವಾಗಿ ಅಂಟಬೇಕು. ಜಡೆಯ ಕೂದಲೋ ಅಂಗಿಯ ಕಾಲರೋ ಸಿಕ್ಕಿಕೊಂಡರೆ ಅಲ್ಲಿಂದಲೇ ನೀರು ಇಳಿಯುತ್ತದೆ. ತೆಳ್ಳಗಿನ ಮಕ್ಕಳ ಮಣಿಕಟ್ಟಿನಲ್ಲಿ ಪಟ್ಟಿ ಸಡಿಲವಾಗುತ್ತದೆ, ಬೆರಳು ತೂರಿಸಿ ನೋಡಿ. ಸಡಿಲವಿದ್ದರೆ ಚಿಕ್ಕ ಸೂಟ್ ಕೇಳಿ. ಕೊನೆಗೆ ಮಗುವನ್ನು ಮೊಣಕಾಲು ತಬ್ಬಿ ಕುಕ್ಕರಗಾಲಲ್ಲಿ ಕೂರಿಸಿ, ಕುತ್ತಿಗೆ ಪಟ್ಟಿ ಎಳೆದು ಒಳಗಿನ ಗಾಳಿ ಹೊರಬಿಡಿ. ಗಾಳಿ ಉಳಿದರೆ ನೀರಿನಲ್ಲಿ ಕಾಲು ಮೇಲಕ್ಕೆ ಏಳುತ್ತದೆ. ಚಿಕ್ಕವರಿಗೆ ನದಿಯ ಶಾಂತ ಭಾಗವೇ ಸಾಕು, ಕಮರಿಯ ರಭಸ ಹದಿಹರೆಯದವರಿಗೆ.

ನಡೆದು ದಾಟುವ ಹೊಳೆಗಳಿಗೂ ಇದೇ ನೀರು. ಬಿಸಿಲೇರಿದಂತೆ ಹಿಮ ಕರಗಿ ಸಂಜೆ ಹೊತ್ತಿಗೆ ಹರಿವು ಏರುತ್ತದೆ, ಆದ್ದರಿಂದ ದಾಟುವುದು ಬೆಳಿಗ್ಗೆಯೇ ಆಗಬೇಕು. ಬೆನ್ನಚೀಲದ ಸೊಂಟಪಟ್ಟಿ ಬಿಚ್ಚಿರಬೇಕು. ಬೂದುಬಣ್ಣದ ಈ ನೀರನ್ನು ನೇರವಾಗಿ ಫಿಲ್ಟರಿಗೆ ಹಾಕಿದರೆ ಕಲ್ಲುಹಿಟ್ಟಿನಂಥ ಕೆಸರು ಬೇಗ ಕಟ್ಟಿಕೊಳ್ಳುತ್ತದೆ. ರಾತ್ರಿ ಪಾತ್ರೆಯಲ್ಲಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ.

ಇನ್ನು ಕರಡಿ. ಡೆನಾಲಿಯ ನಿಯಮದಂತೆ 300 ಗಜ, ಅಂದರೆ ಸುಮಾರು 275 ಮೀಟರ್ ದೂರ ಇರಬೇಕು. ಕರಡಿ ಕಂಡರೆ ಓಡಬಾರದು. ಮಕ್ಕಳನ್ನು ನಡುವೆ ಸೇರಿಸಿಕೊಂಡು ಮಾತಾಡುತ್ತಾ ನಿಧಾನ ಹಿಂದೆ ಸರಿಯಿರಿ. ಮೂಸ್ (ದೈತ್ಯ ಗಾತ್ರದ ಜಿಂಕೆ) ಎರಗಿ ಬಂದರೆ ಇದಕ್ಕೆ ತದ್ವಿರುದ್ಧ: ಓಡಿ, ದಪ್ಪ ಮರದ ಹಿಂದೆ ನಿಲ್ಲಿ. ಎರಡನ್ನೂ ಮಕ್ಕಳಿಗೆ ಹೊರಡುವ ಮೊದಲೇ ಬಾಯಿಪಾಠ ಮಾಡಿಸಿ. ಬೇರ್ ಸ್ಪ್ರೇ ದೊಡ್ಡವರ ಸೊಂಟದಲ್ಲಿರಲಿ, ಚೀಲದೊಳಗಲ್ಲ. ಸೊಳ್ಳೆ ಔಷಧಿಯಂತೆ ಮೈಗೋ ಟೆಂಟಿಗೋ ಹೊಡೆಯುವಂಥದ್ದಲ್ಲ ಅದು. ಕರಡಿ ಎರಗಿ ಬಂದಾಗ ಅದರ ಮುಖದತ್ತ ಹೊಡೆಯುವ ಖಾರದ ಮೋಡ. ವಿಮಾನದಲ್ಲಿ ಒಯ್ಯುವಂತಿಲ್ಲ, ಆಂಕೊರೇಜ್‌ನಲ್ಲೇ ಕೊಳ್ಳಿ.

ಸಸ್ಯಾಹಾರಿಗಳಿಗೆ ಅವಲಕ್ಕಿ, ಚಟ್ನಿಪುಡಿ, ಶೇಂಗಾ ಉಂಡೆ ಚೆನ್ನಾಗಿ ಒದಗುತ್ತವೆ. ಒಗ್ಗರಣೆ ಮಾತ್ರ ಬೇಡ. ಅಡುಗೆಯ ವಾಸನೆಗೆ ಕರಡಿ ಬರುತ್ತದೆ, ಇಂಗಿನ ವಾಸನೆ ಬಟ್ಟೆಗೆ ಹತ್ತಿದರೆ ಆ ಬಟ್ಟೆಯಲ್ಲಿ ಟೆಂಟಿನೊಳಗೆ ಮಲಗುವಂತಿಲ್ಲ. ಅಡುಗೆ ಮತ್ತು ಆಹಾರದ ಡಬ್ಬಿ ಟೆಂಟಿನಿಂದ ಕನಿಷ್ಠ 90 ಮೀಟರ್ ದೂರ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಕೂಡ ಆ ಡಬ್ಬಿಯಲ್ಲೇ.

ದುಡ್ಡು ಕಟ್ಟುವ ಮುನ್ನ ಗೈಡ್ ಕಂಪನಿಗೆ ಕೇಳಿ: ಗೈಡ್‌ಗೆ ವೈಲ್ಡರ್ನೆಸ್ ಫಸ್ಟ್ ರೆಸ್ಪಾಂಡರ್ (ಕಾಡಿನಲ್ಲಿ ತುರ್ತು ಚಿಕಿತ್ಸೆ) ತರಬೇತಿ ಆಗಿದೆಯೇ? ಸ್ಯಾಟಲೈಟ್ ಸಂದೇಶ ಯಂತ್ರ ಇದೆಯೇ? ಒಂದು ಮಗು ಸುಸ್ತಾದರೆ ತಂಡವನ್ನು ಎರಡಾಗಿ ಮಾಡಲು ಎರಡನೇ ಗೈಡ್ ಇದ್ದಾರೆಯೇ? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ಬೇರೆ ಕಂಪನಿ ನೋಡಿ. 148 ಕಿಲೋಮೀಟರ್ ಉದ್ದದ ಪಾರ್ಕ್ ರಸ್ತೆ 2021ರ ಆಗಸ್ಟ್‌ನಲ್ಲಿ ಪ್ರಿಟಿ ರಾಕ್ಸ್ ಎಂಬಲ್ಲಿನ ಭೂಕುಸಿತದಿಂದ ಅರ್ಧದಲ್ಲೇ ಮುಚ್ಚಿತು; ನೀವು ಹೋಗುವ ವರ್ಷ ಬಸ್ಸು ಎಲ್ಲಿವರೆಗೆ ಎಂದು ಪಾರ್ಕಿನ ಜಾಲತಾಣದಲ್ಲೇ ನೋಡಿಕೊಳ್ಳಿ. ಪ್ರವಾಸದಲ್ಲಿ ಸಣ್ಣ ವಿಮಾನದ ಪ್ರಯಾಣವೂ ಇದ್ದರೆ ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆ ಚೀಲ ತನ್ನಿ. ಮೋಡ ಕವಿದರೆ ಅದು ಹಾರುವುದೇ ಇಲ್ಲ, ಆದ್ದರಿಂದ ವಾಪಸ್ ಟಿಕೆಟ್‌ಗೆ ಮುನ್ನ ಎರಡು ದಿನ ಖಾಲಿ ಬಿಡಿ.

ಬೆಂಗಳೂರಿನಿಂದ ಬಂದ ಅಜ್ಜಿ ತಾತ ಜೊತೆಗಿದ್ದರೆ ಕಾರಿನಲ್ಲಿ ಹೋಗುವ ಯೋಚನೆಯನ್ನು ಬೇಗ ತೀರ್ಮಾನಿಸಿ. ರಸ್ತೆ ಕೆನಡಾದ ಮೂಲಕ ಹಾಯುತ್ತದೆ, ಅವರಿಗೆ ಕೆನಡಾ ವೀಸಾ ಬೇಕು. ಸಿಯಾಟಲ್‌ನಿಂದ ಆಂಕೊರೇಜ್‌ಗೆ ನೇರ ವಿಮಾನದಲ್ಲಿ ಹೋದರೆ ಆ ತಾಪತ್ರಯವಿಲ್ಲ.