ಕಾಳಿಯ ಅಳಿವೆಗೆ ಕಾವಲಾದ ಸದಾಶಿವಗಡ

ಕಾರವಾರದ ಕೋಡಿಬಾಗದಲ್ಲಿ ನಿಂತು ಉತ್ತರಕ್ಕೆ ನೋಡಿದರೆ, ಕಾಳಿ ನದಿ ಕಡಲು ಸೇರುವ ಅಳಿವೆಯ ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ ಕಾಣುತ್ತದೆ. ಅದರ ಎತ್ತರ ಸುಮಾರು 65 ಮೀಟರ್ ಮಾತ್ರ. ಬೆನ್ನಿಗಿರುವ ಸಹ್ಯಾದ್ರಿಯ ಮುಂದೆ ಅದೊಂದು ದಿಬ್ಬ. ಆದರೂ ಹದಿನೆಂಟನೆಯ ಶತಮಾನದುದ್ದಕ್ಕೂ ಒಬ್ಬರ ಬಳಿಕ ಒಬ್ಬರು ಈ ದಿಬ್ಬಕ್ಕಾಗಿ ಹೋರಾಡಿದರು. ಅದರ ಕಾರಣವನ್ನು ಅರಸರ ಆಸೆಯಲ್ಲಿ ಹುಡುಕುವುದಕ್ಕಿಂತ ಮೊದಲು ಕಲ್ಲು ಮತ್ತು ನೀರಿನಲ್ಲಿ ಹುಡುಕುವುದು ಸರಿಯೆಂದು ನನಗೆ ತೋರುತ್ತದೆ.

ಕರಾವಳಿಯ ಬೇರೆಡೆ ಕಡಲಿನಿಂದ ದೂರ ಸರಿದು ನಿಲ್ಲುವ ಘಟ್ಟ, ಕಾರವಾರದಲ್ಲಿ ನೀರಿನ ಅಂಚಿನವರೆಗೂ ಇಳಿದು ಬರುತ್ತದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಉಚ್ಛ್ರಾಯದಲ್ಲಿದ್ದಾಗ, ಭೂಮಿಯ ನೀರಿನ ದೊಡ್ಡ ಪಾಲು ಮಂಜುಗಡ್ಡೆಯಾಗಿ ಧ್ರುವಗಳತ್ತ ಸೇರಿಕೊಂಡಿದ್ದರಿಂದ ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಇಂದು ದೋಣಿಯೇರಿ ಹೋಗಬೇಕಾದ ಕೂರ್ಮಗಡ, ದೇವಗಡ, ಅಂಜದೀವ್ ಆಗ ದ್ವೀಪಗಳಾಗಿರಲಿಲ್ಲ. ಬಯಲಿನ ನಡುವೆ ಎದ್ದ ಗುಡ್ಡಗಳಾಗಿದ್ದವು. ಮಂಜು ಕರಗಿ, ಸುಮಾರು 7,000 ವರ್ಷಗಳ ಹಿಂದೆ ನೀರು ಈಗಿನ ಮಟ್ಟಕ್ಕೆ ಹತ್ತಿರ ಬಂದಾಗ ತಗ್ಗುಗಳು ಮುಳುಗಿದವು, ನೆತ್ತಿಗಳು ಉಳಿದವು. ಸದಾಶಿವಗಡ ಅದೇ ಸಾಲಿನ ಗುಡ್ಡ. ನೆಲದ ನಂಟು ಕಳಚಿಕೊಳ್ಳದೆ ಉಳಿದದ್ದು ಅದರ ವಿಶೇಷ.

ಕಾರವಾರದ ಬಂದರಿಗೂ ಇದೇ ಕಾರಣ. ಬೈತಖೋಲದ ಪಕ್ಕದ ಗುಡ್ಡ ಕಡಲಿಗೆ ಚಾಚಿಕೊಂಡು, ಮಳೆಗಾಲದಲ್ಲಿ ನೈಋತ್ಯದಿಂದ ಬರುವ ದೊಡ್ಡ ಅಲೆಗಳನ್ನು ತಡೆಯುತ್ತದೆ. ನೀರು ಆಳ ಕಡಿಮೆಯಾದಲ್ಲಿ ಅಲೆಯ ವೇಗವೂ ಕಡಿಮೆಯಾಗುವುದರಿಂದ ಅಲೆಯ ಸಾಲು ಬಾಗುತ್ತದೆ. ಹಾಗೆ ಬಾಗಿದ ಅಲೆಗಳ ಶಕ್ತಿ ಚಾಚಿದ ಬಂಡೆಗಳ ಮೇಲೆ ಒಟ್ಟುಗೂಡಿ, ಕೊಲ್ಲಿಯೊಳಗೆ ಹರಡಿ ಕ್ಷೀಣಿಸುತ್ತದೆ. ಶಕ್ತಿ ಕುಂದಿದಲ್ಲಿ ಮರಳು ನಿಲ್ಲುತ್ತದೆ. ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಮೆಚ್ಚಿದ ಅರ್ಧಚಂದ್ರಾಕಾರದ ಕಡಲತೀರ ರೂಪುಗೊಂಡದ್ದು ಹೀಗೆ.

ಇನ್ನು ಎತ್ತರದ ಮಾತು. ಭೂಮಿ ದುಂಡಗಿರುವುದರಿಂದ ದಡದಲ್ಲಿ ನಿಂತವನಿಗೆ ಕಡಲು ನಾಲ್ಕೂವರೆ ಕಿಲೋಮೀಟರ್ ದೂರದವರೆಗಷ್ಟೇ ಕಾಣುತ್ತದೆ. 65 ಮೀಟರ್ ಮೇಲೇರಿದರೆ ದಿಗಂತ ಸುಮಾರು 29 ಕಿಲೋಮೀಟರ್ ದೂರ ಸರಿಯುತ್ತದೆ. ಬರುತ್ತಿರುವ ಹಡಗಿನ ಪಟಸ್ತಂಭ 25 ಮೀಟರ್ ಎತ್ತರವಿದ್ದರೆ ಅದರ ತುದಿ, ತಿಳಿಯಾದ ದಿನ, ಇನ್ನೂ 18 ಕಿಲೋಮೀಟರ್ ಆಚೆಗೇ ಕಣ್ಣಿಗೆ ಬೀಳಬಲ್ಲದು. ಹಾಯಿ ಹಡಗಿನ ಕಾಲದಲ್ಲಿ ಇದು ಕೆಲವು ಗಂಟೆಗಳ ಮುನ್ಸೂಚನೆ: ಫಿರಂಗಿ ಸಜ್ಜುಗೊಳಿಸಲು, ಒಳನಾಡಿಗೆ ಸುದ್ದಿ ಕಳುಹಿಸಲು ಸಾಕಾಗುವಷ್ಟು ಹೊತ್ತು.

ಶಿರಸಿಯ ಬಳಿಯ ಸ್ವಾದಿಯಿಂದ ಆಳುತ್ತಿದ್ದ ನಾಯಕರಿಗೆ ಮಲೆನಾಡಿನ ಕಾಳುಮೆಣಸೇ ಸಂಪತ್ತು, ಅದನ್ನು ಕೊಳ್ಳುವವರು ಕಡಲಾಚೆಯವರು. ಹಾಗಾಗಿ ಅಳಿವೆಯ ಕಾವಲು ಅವರಿಗೆ ಬದುಕಿನ ಪ್ರಶ್ನೆಯಾಗಿತ್ತು. ಬಸವಲಿಂಗರಾಜ 1715ರಲ್ಲಿ ಇಲ್ಲಿ ಕೋಟೆ ಕಟ್ಟಿಸಿ ತಂದೆ ಸದಾಶಿವ ನಾಯಕನ ಹೆಸರಿಟ್ಟ. 1752ರಲ್ಲಿ ಅದು ಪೋರ್ಚುಗೀಸರ ವಶವಾಯಿತು. 1763ರಲ್ಲಿ ಹೈದರ್ ಅಲಿಯ ಸೈನ್ಯ ಬಂದಾಗ ಸ್ವಾದಿಯ ಅರಸು ಗೋವೆಯಲ್ಲಿ ಆಶ್ರಯ ಪಡೆಯಬೇಕಾಯಿತು. 1783ರಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಪಡೆ ಸ್ವಲ್ಪ ಕಾಲ ಇದನ್ನು ಹಿಡಿದುಕೊಂಡಿತ್ತು. ಇಂದು ಕೋಟೆಯ ಅವಶೇಷಗಳ ಆಸುಪಾಸಿನಲ್ಲಿ ದುರ್ಗಾದೇವಿಯ ದೇವಸ್ಥಾನವೂ ದರ್ಗಾವೂ ಇವೆ. ಎರಡಕ್ಕೂ ಭಕ್ತರು ಬರುತ್ತಾರೆ.

ಗುಡ್ಡಕ್ಕೆ ಆಳವಾದ ಗಾಯವಾದದ್ದು ಮಾತ್ರ ಯುದ್ಧದಿಂದಲ್ಲ, ರಸ್ತೆಯಿಂದ. 1983ರಲ್ಲಿ ತೆರೆದ ಸೇತುವೆಗಾಗಿ ಗುಡ್ಡವನ್ನೇ ಕಡಿದು ಹೆದ್ದಾರಿ ಹಾಯಿಸಲಾಯಿತು. ಗೋವೆಯ ದಾರಿಯಲ್ಲಿ ಹೊಳೆ ದಾಟಲು ದೋಣಿ ಕಾಯುವ ಕಷ್ಟ ತಪ್ಪಿತು. ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಅದಕ್ಕೂ ಮೂರು ವಾರ ಮೊದಲು, ಇದೇ ಹೆದ್ದಾರಿಯಲ್ಲಿ ಅಂಕೋಲೆಯ ಶಿರೂರಿನ ಗುಡ್ಡ ಜರಿದು ಜನರನ್ನು ಬಲಿ ತೆಗೆದುಕೊಂಡಿತ್ತು. ಕರಾವಳಿಯ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ಸವೆದು ಸಡಿಲಾದ ಮಣ್ಣಿನ ದಪ್ಪ ಹೊದಿಕೆಯಿರುತ್ತದೆ. ಬುಡ ಕಡಿದಾಗ ಆ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆನೀರು ಇಂಗಿ ಬಂಡೆಯ ಮೇಲ್ಮೈಯಲ್ಲಿ ಸಿಕ್ಕಿಕೊಂಡರೆ ಅದರ ಒತ್ತಡ ಮಣ್ಣಿನ ಹಿಡಿತವನ್ನು ಸಡಿಲಿಸುತ್ತದೆ. ಆದ್ದರಿಂದ ಸದಾಶಿವಗಡದ ಕೋಟೆಯನ್ನು ಉಳಿಸುವ ಕೆಲಸ ಗೋಡೆಗೆ ಗಾರೆ ಹಚ್ಚುವುದರಿಂದ ಮುಗಿಯುವುದಿಲ್ಲ. ಕಡಿದ ಇಳಿಜಾರಿನಲ್ಲಿ ಮಳೆನೀರು ಹರಿದುಹೋಗಲು ಕಾಲುವೆಗಳಿವೆಯೇ, ಪ್ರತಿ ಮಳೆಗಾಲಕ್ಕೂ ಮುಂಚೆ ಅವನ್ನು ಬಿಡಿಸಲಾಗಿದೆಯೇ ಎಂದು ನೋಡುವುದರಿಂದ ಅದು ಆರಂಭವಾಗಬೇಕು.